ಡಿಸೋಸಿಯೇಟಿವ್ ಸಮಸ್ಯೆಗಳು: ವೃತ್ತಿಪರರ ತರಬೇತಿಯಲ್ಲಿ ಯಾವುದು ಇರಲೇಬೇಕು?

ಹೊಸಹಾದಿ

ನಾನು ಕ್ಲಿನಿಕಲ್ ಮನಶ್ಶಾಸ್ತ್ರಜ್ಞೆ. ಆಪ್ತಸಮಾಲೋಚಕರು, ಶುಶ್ರೂಷಕರು, ಸಮಾಜ ಕಾರ್ಯಕರ್ತರು, ಕಿರಿಯ ವೈದ್ಯರು ಇರುವ ಗುಂಪೊಂದಕ್ಕೆ ಎರಡು ದಿನಗಳ ತರಬೇತಿ ರೂಪಿಸುವ ಹೊಣೆ ನನ್ನ ಮೇಲಿದೆ. ಡಿಸೋಸಿಯೇಟಿವ್ ಸಮಸ್ಯೆ ಇರುವವರನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಅವರೊಂದಿಗೆ ನಡೆದುಕೊಳ್ಳುವುದು ಹೇಗೆ ಎಂಬುದು ವಿಷಯ. ಇಲ್ಲಿ ಬೇರೆ ಬೇರೆ ವೃತ್ತಿಯವರೂ ಈ ಸಮಸ್ಯೆಯೊಂದಿಗೆ ಬದುಕುತ್ತಿರುವವರೂ ಇದ್ದೀರಿ. ಕರಡು ಗಟ್ಟಿಯಾಗುವ ಮೊದಲೇ ನಿಮ್ಮನ್ನು ಕೇಳಬೇಕೆನಿಸಿತು.

ಹೊಸಬರಿಗಾಗಿ ನಾಲ್ಕು ಮಾತು. ನೆನಪು, ಭಾವನೆ, ದೇಹದ ಅರಿವು, ‘ಇದು ನಾನು’ ಎಂಬ ಪ್ರಜ್ಞೆ, ಇವೆಲ್ಲ ಸಾಮಾನ್ಯವಾಗಿ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಆ ಹೊಂದಿಕೆ ಕಡಿದುಹೋಗುವುದೇ ಡಿಸೋಸಿಯೇಶನ್. ಓದಿನಲ್ಲಿ ಮುಳುಗಿ ಸುತ್ತಲಿನ ಸದ್ದು ಕೇಳಿಸದಂತಾಗುವ ಸೌಮ್ಯ ಅನುಭವ ಎಲ್ಲರಿಗೂ ಆಗುತ್ತದೆ. ಆದರೆ ಬದುಕಿನ ಮುಖ್ಯ ಘಟನೆಗಳೇ ನೆನಪಿನಿಂದ ಅಳಿಸಿಹೋಗುವುದು, ತನ್ನ ದೇಹವನ್ನು ತಾನೇ ಹೊರಗಿನಿಂದ ನೋಡುತ್ತಿರುವಂತೆ ದಿನಗಟ್ಟಲೆ ಅನ್ನಿಸುವುದು, ಸುತ್ತಲಿನ ಜಗತ್ತು ಗಾಜಿನಾಚೆ ಇರುವಂತೆ ತೋರುವುದು, ಒಬ್ಬರೊಳಗೇ ಬೇರೆ ಬೇರೆ ‘ನಾನು’ಗಳು ಸರದಿಯಲ್ಲಿ ಮುಂದೆ ಬರುವುದು, ಇವು ಚಿಕಿತ್ಸೆ ಬೇಕಾದ ಸ್ಥಿತಿಗಳು. ಕೊನೆಯದನ್ನು ಹಿಂದೆ ಬಹುವ್ಯಕ್ತಿತ್ವ ಎನ್ನುತ್ತಿದ್ದರು. 1994ರಿಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಾದ ಡಿಎಸ್ಎಂ ಅದನ್ನು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಅಂದರೆ ಡಿಐಡಿ ಎಂದು ಕರೆಯುತ್ತಿದೆ.

ಇವು ಅಪರೂಪದ ಕಾಯಿಲೆಗಳು ಎಂದೇ ನಮ್ಮಲ್ಲಿ ಹೆಚ್ಚಿನವರು ಕಲಿತದ್ದು. ಅಮೆರಿಕದ ಒಂದು ಸಣ್ಣ ಸಮುದಾಯ ಅಧ್ಯಯನದಲ್ಲಿ ಡಿಐಡಿ ಸುಮಾರು 1.5 ಶೇಕಡಾ ಜನರಲ್ಲಿ ಕಂಡುಬಂದಿತ್ತು. ತನ್ನಿಂದ ತಾನೇ ದೂರವಾದಂತೆ, ಜಗತ್ತು ಅವಾಸ್ತವವಾದಂತೆ ಅನ್ನಿಸುವ ಸಮಸ್ಯೆಯ ಪ್ರಮಾಣ ಸುಮಾರು 2 ಶೇಕಡಾ. ಹೀಗಿದ್ದರೂ ಡಿಐಡಿ ಇರುವವರು ಸರಿಯಾದ ರೋಗನಿರ್ಣಯ ಸಿಗುವ ಮೊದಲು 5ರಿಂದ 12 ವರ್ಷ ಮಾನಸಿಕ ಆರೋಗ್ಯ ವ್ಯವಸ್ಥೆಯೊಳಗೇ ಸುತ್ತುತ್ತಾರೆ ಎಂದು 2011ರ ಅಂತರರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಅಷ್ಟೂ ವರ್ಷ ಅವರು ನಮ್ಮಂಥವರ ಎದುರಿನ ಕುರ್ಚಿಯಲ್ಲೇ ಕುಳಿತಿದ್ದವರು.

ನನ್ನ ಕರಡಿನಲ್ಲಿ ಮೊದಲ ಅರ್ಧ ದಿನ ಇತಿಹಾಸ ಮತ್ತು ಸಿದ್ಧಾಂತ. 1889ರ ಫ್ರೆಂಚ್ ಮನಶ್ಶಾಸ್ತ್ರಜ್ಞ ಪಿಯರ್ ಜಾನೆಯಿಂದ ಹಿಡಿದು ಇಂದಿನ ವರ್ಗೀಕರಣದವರೆಗೆ. ಆಮೇಲೆ ಲಕ್ಷಣಗಳು, ಪ್ರಶ್ನಾವಳಿಗಳು, ಚಿಕಿತ್ಸೆ. ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ?

ರಾತ್ರಿಪಾಳಿ

ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿ ನಾನು. ಮೇಡಂ, ಇತಿಹಾಸವನ್ನು ಅರ್ಧ ಗಂಟೆಗೆ ಇಳಿಸಿ. ನಮಗೆ ಬೇಕಾದದ್ದು ಬೇರೆ.

ನಡುರಾತ್ರಿ ಒಬ್ಬರನ್ನು ಕರೆತರುತ್ತಾರೆ. ಕಣ್ಣು ತೆರೆದಿದೆ, ದೃಷ್ಟಿ ಎಲ್ಲೋ ನೆಟ್ಟಿದೆ, ಕರೆದರೆ ಉತ್ತರವಿಲ್ಲ. ಸಕ್ಕರೆ ಸರಿಯಾಗಿದೆ, ರಕ್ತದೊತ್ತಡ ಸರಿಯಾಗಿದೆ. ಆಗ ಶುರುವಾಗುತ್ತದೆ: ಒಬ್ಬರು ಹೆಸರು ಹಿಡಿದು ಕೂಗುತ್ತಾರೆ, ಒಬ್ಬರು ಎದೆಯ ಮೂಳೆಯನ್ನು ಗೆಣ್ಣಿನಿಂದ ಒತ್ತುತ್ತಾರೆ, ಇನ್ನೊಬ್ಬರು ರೋಗಿಗೆ ಕೇಳಿಸುವಂತೆಯೇ ‘ಬರೀ ನಾಟಕ’ ಎನ್ನುತ್ತಾರೆ. ಅಪಾಯಕಾರಿ ಕಾರಣಗಳನ್ನು ತಳ್ಳಿಹಾಕಲು ಪರೀಕ್ಷೆ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಮುಗಿದ ಮೇಲೂ ನೋವು ಕೊಡುವುದು ಮುಂದುವರಿಯುತ್ತದಲ್ಲ, ಅದನ್ನು ನಿಲ್ಲಿಸುವುದನ್ನು ನೀವು ಕಲಿಸಬೇಕು. ಹಿಂಸೆಯಿಂದ ಪಾರಾಗಲು ಮನಸ್ಸು ಒಳಗೆ ಅಡಗಿ ಕುಳಿತಿರುವಾಗ ನಾವು ಇನ್ನಷ್ಟು ಹಿಂಸೆ ಕೊಟ್ಟರೆ ಅದು ಹೊರಗೆ ಬರುವುದೇ?

ನಮ್ಮ ಪಾಳಿಯಲ್ಲಿ ಫಲ ಕೊಟ್ಟದ್ದನ್ನು ಹೇಳುತ್ತೇನೆ. ಮಾತನಾಡುವವರು ಒಬ್ಬರೇ ಇರಲಿ, ಉಳಿದವರು ಹಿಂದೆ ಸರಿಯಲಿ. ಸುತ್ತುವರಿದು ನಿಲ್ಲಬಾರದು, ಬಾಗಿಲಿನ ದಾರಿ ಅವರಿಗೆ ಕಾಣುವಂತಿರಬೇಕು. ‘ನಾನು ಈ ವಿಭಾಗದ ನರ್ಸ್, ನೀವು ಆಸ್ಪತ್ರೆಯಲ್ಲಿದ್ದೀರಿ, ಇವತ್ತು ಇಂಥ ವಾರ, ಇಂಥ ತಾರೀಖು, ಇಲ್ಲಿ ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ’ ಎಂದು ಮೆಲ್ಲಗೆ, ಮತ್ತೆ ಮತ್ತೆ ಹೇಳಬೇಕು. ‘ನೆಲಕ್ಕೆ ತಾಗಿರುವ ಪಾದಗಳನ್ನು ಗಮನಿಸಿ, ಈ ಕೋಣೆಯಲ್ಲಿ ಕಾಣುವ ನೀಲಿ ಬಣ್ಣದ ವಸ್ತುಗಳನ್ನು ಹುಡುಕಿ’ ಎನ್ನಬಹುದು. ‘ಕಣ್ಣು ಮುಚ್ಚಿ ದೀರ್ಘ ಉಸಿರು ತೆಗೆದುಕೊಳ್ಳಿ’ ಎಂಬ ಸಲಹೆ ಇಂಥವರಲ್ಲಿ ಕೆಲವರನ್ನು ಇನ್ನೂ ಒಳಗೆ ನೂಕುತ್ತದೆ, ಅದನ್ನು ಎಲ್ಲರಿಗೂ ಒಂದೇ ಮದ್ದಿನಂತೆ ಹಂಚಬಾರದು. ಮುಟ್ಟುವ ಮೊದಲು ಹೇಳಿ, ಒಪ್ಪಿಗೆ ಕೇಳಬೇಕು. ‘ಏನಾಯಿತು ಹೇಳಿ, ಯಾರು ಏನು ಮಾಡಿದರು’ ಎಂದು ಆ ಹೊತ್ತಿನಲ್ಲಿ ಕೆದಕಲೇಬಾರದು.

ಇನ್ನೊಂದು, ದಾಖಲೆ. ‘ಗಮನ ಸೆಳೆಯುವ ವರ್ತನೆ’ ಎಂದು ಒಮ್ಮೆ ಬರೆದರೆ ಆ ಸಾಲು ರೋಗಿಯ ಕಡತದಲ್ಲಿ ಜೀವನಪೂರ್ತಿ ಓಡಾಡುತ್ತದೆ. ‘ಕರೆದಾಗ ಇಷ್ಟು ನಿಮಿಷ ಪ್ರತಿಕ್ರಿಯೆ ಇರಲಿಲ್ಲ, ಕಣ್ಣು ತೆರೆದಿತ್ತು, ಆಮೇಲೆ ತಾನು ಎಲ್ಲಿದ್ದೇನೆಂದು ಕೇಳಿದರು, ಇಲ್ಲಿಗೆ ಬಂದದ್ದು ನೆನಪಿಲ್ಲ’ ಎಂದು ಕಂಡದ್ದನ್ನು ಕಂಡಂತೆ ಬರೆಯುವುದಕ್ಕೇ ಒಂದು ಅಭ್ಯಾಸ ಇಟ್ಟುಕೊಳ್ಳಿ.

ನರತಂತು

ನರರೋಗ ವೈದ್ಯನಾಗಿ ರಾತ್ರಿಪಾಳಿಯವರ ಮಾತಿಗೆ ಒಂದು ಸೇರ್ಪಡೆ. ಅಪಸ್ಮಾರದಂತೆಯೇ ಕಾಣುವ, ಆದರೆ ಮೆದುಳಿನ ವಿದ್ಯುತ್ ಏರುಪೇರಿನಿಂದ ಬಾರದ ಸೆಳೆತಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-11 ಇವನ್ನು ಡಿಸೋಸಿಯೇಟಿವ್ ಗುಂಪಿನೊಳಗೇ ಇರಿಸಿದೆ. 2002ರ ಒಂದು ಜರ್ಮನ್ ಅಧ್ಯಯನದಲ್ಲಿ ಇವನ್ನು ಸರಿಯಾಗಿ ಗುರುತಿಸಲು ಸರಾಸರಿ 7 ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಆ ಅವಧಿಯಲ್ಲಿ ರೋಗಿ ತನಗೆ ಬೇಡದ ಅಪಸ್ಮಾರದ ಔಷಧಿಗಳನ್ನು ನುಂಗುತ್ತಿರುತ್ತಾರೆ. ಸೆಳೆತ ನಿಲ್ಲಲಿಲ್ಲವೆಂದು ಪ್ರಮಾಣ ಏರಿಸುತ್ತಾರೆ. ಕೆಲವರಿಗೆ ಉಸಿರಾಟದ ಕೊಳವೆ ಹಾಕುವವರೆಗೂ ಹೋಗುತ್ತದೆ.

ಸೆಳೆತದ ವೇಳೆ ಕಣ್ಣುಗಳು ಬಿಗಿಯಾಗಿ ಮುಚ್ಚಿರುವುದು, ತಲೆ ಎಡಕ್ಕೂ ಬಲಕ್ಕೂ ಹೊರಳುವುದು, ಏರುತ್ತ ಇಳಿಯುತ್ತ ದೀರ್ಘಕಾಲ ನಡೆಯುವುದು ಸುಳಿವುಗಳು. ಸುಳಿವುಗಳಷ್ಟೇ. ಖಚಿತಪಡಿಸಿಕೊಳ್ಳಲು ವಿಡಿಯೊ ಇಇಜಿ ಬೇಕು, ಅಂದರೆ ಸೆಳೆತವನ್ನು ಚಿತ್ರೀಕರಿಸುತ್ತಲೇ ಮೆದುಳಿನ ಅಲೆಗಳನ್ನು ದಾಖಲಿಸಬೇಕು. ಎರಡೂ ಬಗೆಯ ಸೆಳೆತ ಒಬ್ಬರಲ್ಲೇ ಇರಬಹುದು ಎಂಬುದನ್ನು ಮರೆಯಬಾರದು. ನೆನಪಿನ ಬಿರುಕಿಗೆ ಮೆದುಳಿನ ಟೆಂಪೊರಲ್ ಭಾಗದ ಅಪಸ್ಮಾರ, ತಲೆಗೆ ಬಿದ್ದ ಪೆಟ್ಟು, ಮಾದಕ ವಸ್ತುಗಳೂ ಕಾರಣವಾಗಬಹುದು. ‘ಮನಸ್ಸಿನದೇ’ ಎಂಬ ತೀರ್ಮಾನಕ್ಕೆ ಆತುರ ಬೇಡ.

ನನ್ನ ಮುಖ್ಯ ಕೋರಿಕೆ ಬೇರೆ. ‘ಪರೀಕ್ಷೆಯಲ್ಲಿ ಏನೂ ಬಂದಿಲ್ಲ, ಮನೆಗೆ ಹೋಗಿ’ ಎನ್ನುವುದನ್ನು ಬಿಟ್ಟು ರೋಗನಿರ್ಣಯವನ್ನು ತಿಳಿಸುವುದು ಹೇಗೆಂದು ವೈದ್ಯರಿಗೆ ಕಲಿಸಿ. ‘ನಿಮ್ಮ ಸೆಳೆತ ನಿಜವಾದದ್ದು. ನೀವು ಬೇಕೆಂದು ಮಾಡುತ್ತಿಲ್ಲ. ಇದಕ್ಕೊಂದು ಹೆಸರಿದೆ, ಚಿಕಿತ್ಸೆ ಇದೆ, ಆ ಚಿಕಿತ್ಸೆ ಔಷಧಿಯದಲ್ಲ’ ಎಂದು ಕೂರಿಸಿಕೊಂಡು ವಿವರಿಸಿದಾಗ ಕೆಲವರಲ್ಲಿ ಅಷ್ಟಕ್ಕೇ ಸೆಳೆತ ಕಡಿಮೆಯಾಗುತ್ತದೆ. ಅಪಹಾಸ್ಯಕ್ಕೆ ಒಳಗಾದವರು ಇನ್ನೊಂದು ಆಸ್ಪತ್ರೆಯ ಬಾಗಿಲು ತಟ್ಟುತ್ತಾರೆ, ಅಲ್ಲಿ ಎಲ್ಲವೂ ಮೊದಲಿನಿಂದ.

ಪ್ರಶ್ನಾರ್ಥಕ

ಮನೋವೈದ್ಯ. ವಿರೋಧಿಸಲು ಬಂದಿಲ್ಲ, ಆದರೆ ಒಂದು ಆತಂಕವನ್ನು ಮುಂದಿಡಲೇಬೇಕು.

1980–90ರ ದಶಕಗಳಲ್ಲಿ ಅಮೆರಿಕದಲ್ಲಿ ಏನಾಯಿತೆಂದು ಹೊಸಹಾದಿಯವರಿಗೆ ಗೊತ್ತಿದೆ. ಸಮ್ಮೋಹನಕ್ಕೆ ಒಳಪಡಿಸಿ, ದಿಕ್ಕು ತೋರಿಸುವ ಪ್ರಶ್ನೆಗಳನ್ನು ಕೇಳಿ, ನಡೆಯದ ಘಟನೆಗಳ ‘ನೆನಪು’ಗಳನ್ನು ರೋಗಿಗಳಲ್ಲಿ ಮೂಡಿಸಿದ ಚಿಕಿತ್ಸಕರಿದ್ದರು. ಕುಟುಂಬಗಳು ಒಡೆದವು, ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ನಡೆದವು. ಸಲಹೆಯಿಂದ ನೆನಪು ಬದಲಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರ ಪ್ರಯೋಗಗಳು ತೋರಿಸಿವೆ. ಬಹುವ್ಯಕ್ತಿತ್ವವನ್ನು ಬಹುಮಟ್ಟಿಗೆ ಸಮಾಜ ಮತ್ತು ಚಿಕಿತ್ಸಕರೇ ಕಲಿಸಿಕೊಡುತ್ತಾರೆ ಎಂದು ಮನಶ್ಶಾಸ್ತ್ರಜ್ಞ ನಿಕೊಲಸ್ ಸ್ಪಾನೋಸ್ ವಾದಿಸಿದ್ದರು. ಈಗ ಸಾಮಾಜಿಕ ಜಾಲತಾಣಗಳ ಕಿರು ವಿಡಿಯೊ ನೋಡಿ ತಮಗೆ ತಾವೇ ಹೆಸರಿಟ್ಟುಕೊಂಡು ಬರುವ ಹದಿಹರೆಯದವರಿದ್ದಾರೆ. ಎರಡು ದಿನ ತರಬೇತಿ ಪಡೆದ ಉತ್ಸಾಹಿಗಳು ಎಲ್ಲರಲ್ಲೂ ಇದನ್ನೇ ಕಾಣತೊಡಗಿದರೆ?

ಹೊಸಹಾದಿ

ಪ್ರಶ್ನಾರ್ಥಕ ಸರ್, ಈ ಆತಂಕವನ್ನು ತರಬೇತಿಯ ಒಳಗೇ ತರಬೇಕು, ನಿಜ. ಆದರೆ ಅದು ತರಬೇತಿ ಬೇಡವೆನ್ನಲು ಕಾರಣವಲ್ಲ. ಆ ಹಾನಿ ಮಾಡಿದವರು ಪ್ರಶ್ನೆ ಕೇಳುವ ಶಿಸ್ತನ್ನು ಕಲಿಯದವರು.

ಎರಡು ವಿಷಯ ಹೇಳುತ್ತೇನೆ. 2012ರಲ್ಲಿ ಸಿಮೋನ್ ರೈಂಡರ್ಸ್ ಮತ್ತು ಸಂಗಡಿಗರು ಡಿಐಡಿ ಇರುವವರನ್ನು, ಅದನ್ನು ನಟಿಸಲು ಸೂಚನೆ ಪಡೆದವರೊಂದಿಗೆ ಹೋಲಿಸಿದರು. ನಟಿಸಿದವರಲ್ಲಿ ಕಲ್ಪನಾಶಕ್ತಿ ಹೆಚ್ಚಿರುವವರೂ ಇದ್ದರು. ಮೆದುಳಿನ ರಕ್ತಸಂಚಾರದಲ್ಲೂ ಹೃದಯ ಬಡಿತದಂತಹ ಪ್ರತಿಕ್ರಿಯೆಗಳಲ್ಲೂ ನಟನೆ ನಿಜವನ್ನು ಸರಿಗಟ್ಟಲಿಲ್ಲ. ಇನ್ನೊಂದು, ನಿಜವಾದ ಡಿಐಡಿ ಸಾಮಾನ್ಯವಾಗಿ ತನ್ನನ್ನು ಪ್ರದರ್ಶಿಸಿಕೊಳ್ಳುವುದಿಲ್ಲ, ಅಡಗಿಸಿಕೊಳ್ಳುತ್ತದೆ. ದನಿ ಬದಲಿಸಿ, ಬಟ್ಟೆ ಬದಲಿಸಿ ಎದ್ದು ನಿಲ್ಲುವ ಚಲನಚಿತ್ರದ ರೋಗಿಯನ್ನು ಹುಡುಕುತ್ತಿರುವುದರಿಂದಲೇ, ಖಿನ್ನತೆ, ತಲೆನೋವು, ನಿದ್ರಾಹೀನತೆ ಎಂದು ಹೇಳಿಕೊಂಡು ಬಂದವರು ನಮಗೆ ಕಾಣಿಸುವುದಿಲ್ಲ.

ಧ್ವನಿಗಳ ವಿಷಯದಲ್ಲಿಯೂ ಇದೇ ಕಥೆ. ‘ಒಳಗೆ ಯಾರೋ ಮಾತನಾಡುತ್ತಾರೆ’ ಎಂದ ಕೂಡಲೇ ಕೈ ಸ್ಕಿಜೋಫ್ರೀನಿಯಾ ಎಂದು ಬರೆಯುತ್ತದೆ. ಜರ್ಮನ್ ಮನೋವೈದ್ಯ ಕರ್ಟ್ ಶ್ನೈಡರ್ ಪಟ್ಟಿ ಮಾಡಿದ, ಸ್ಕಿಜೋಫ್ರೀನಿಯಾದ ಗುರುತುಗಳೆಂದು ನಾವು ಬಾಯಿಪಾಠ ಮಾಡಿದ ಲಕ್ಷಣಗಳಲ್ಲಿ ಹಲವು ಬಹುವ್ಯಕ್ತಿತ್ವದಲ್ಲೂ ಸಾಮಾನ್ಯ ಎಂದು ಮನೋವೈದ್ಯ ರಿಚರ್ಡ್ ಕ್ಲಫ್ಟ್ 1987ರಲ್ಲೇ ತೋರಿಸಿದ್ದರು. ಧ್ವನಿಗಳು ಯಾವಾಗಿನಿಂದ, ಚಿಕ್ಕಂದಿನಿಂದಲೇ ಇವೆಯೇ? ಮಗುವಿನ ಧ್ವನಿ ಇದೆಯೇ? ಅವು ತಮ್ಮತಮ್ಮಲ್ಲೇ ವಾದಿಸುತ್ತವೆಯೇ? ಅವನ್ನು ಬಿಟ್ಟರೆ ವಾಸ್ತವದ ಪರಿವೆ ಸರಿಯಾಗಿದೆಯೇ? ಇಷ್ಟನ್ನು ಕೇಳಲು ಹೊಸ ಯಂತ್ರವೇನೂ ಬೇಡ.

ಉಪಕರಣಗಳ ವಿಷಯ. 1986ರಲ್ಲಿ ಬರ್ನ್‌ಸ್ಟೈನ್ ಮತ್ತು ಪುಟ್ನಂ ರೂಪಿಸಿದ, ಡಿಸೋಸಿಯೇಟಿವ್ ಅನುಭವಗಳನ್ನು ಅಳೆಯುವ ಡಿಇಎಸ್ ಪ್ರಶ್ನಾವಳಿಯಲ್ಲಿ 28 ಪ್ರಶ್ನೆಗಳಿವೆ. ಅಂಕಗಳ ಸರಾಸರಿ 100ಕ್ಕೆ 30 ದಾಟಿದರೆ ಮುಂದೆ ವಿವರವಾಗಿ ನೋಡಬೇಕು ಎಂಬುದು ರೂಢಿ. ಅದು ಜರಡಿ, ತೀರ್ಪಲ್ಲ. ತೀರ್ಮಾನಕ್ಕೆ ಮಾರ್ಲೀನ್ ಸ್ಟೈನ್‌ಬರ್ಗ್ ಅವರ ಎಸ್‌ಸಿಐಡಿ-ಡಿ ಎಂಬ ಸಂದರ್ಶನ ಇದೆ. ಮರೆವು, ತನ್ನಿಂದ ತಾನು ದೂರವಾಗುವುದು, ಜಗತ್ತು ಅವಾಸ್ತವವಾಗುವುದು, ತಾನು ಯಾರೆಂಬ ಗೊಂದಲ, ಗುರುತೇ ಬದಲಾಗುವುದು, ಈ ಐದನ್ನೂ ಅದು ಕ್ರಮವಾಗಿ ಕೇಳುತ್ತದೆ. ಅದಕ್ಕೆ ಪ್ರತ್ಯೇಕ ತರಬೇತಿಯೇ ಬೇಕು, ನನ್ನ ಎರಡು ದಿನಗಳಲ್ಲಿ ಅದು ಸಾಧ್ಯವಿಲ್ಲ.

ಒಳದನಿ

ನನಗೆ ಡಿಐಡಿ ಇದೆ. ನಿಮ್ಮೆಲ್ಲರ ಮಾತು ಓದಿದೆ. ಮೇಲೆ ಬರೆದ ಅಡಗಿಸಿಕೊಳ್ಳುವಿಕೆಯೇ ನನ್ನ ಬದುಕು.

ನೆನಪಿಲ್ಲದ ಹೊತ್ತುಗಳನ್ನು ಮುಚ್ಚಿಡುವುದರಲ್ಲಿ ನಾನು ಬಹಳ ಪಳಗಿದ್ದೆ. ಪರಿಚಯವಿಲ್ಲದವರು ನನ್ನನ್ನು ಚೆನ್ನಾಗಿ ಬಲ್ಲವರಂತೆ ಮಾತನಾಡಿಸಿದಾಗ ನಕ್ಕು ಹೊಂದಿಕೊಳ್ಳುತ್ತಿದ್ದೆ. ನಾನು ಕೊಂಡ ನೆನಪಿಲ್ಲದ ವಸ್ತುಗಳು ಕಪಾಟಿನಲ್ಲಿ ಸಿಗುತ್ತಿದ್ದವು. ನನ್ನದೇ ಪುಸ್ತಕದಲ್ಲಿ ನನ್ನದಲ್ಲದ ಕೈಬರಹ ಇರುತ್ತಿತ್ತು. ಇದು ಎಲ್ಲರಿಗೂ ಆಗುತ್ತದೆ ಎಂದುಕೊಂಡಿದ್ದೆ, ಇಲ್ಲವೇ ಹೇಳಿದರೆ ಹುಚ್ಚೆನ್ನುತ್ತಾರೆ ಎಂದುಕೊಂಡಿದ್ದೆ. ಖಿನ್ನತೆಯ ಬಗ್ಗೆ ಕೇಳಿದರು, ಆತಂಕದ ಬಗ್ಗೆ ಕೇಳಿದರು, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳಿದರು. ಎಲ್ಲದಕ್ಕೂ ಉತ್ತರಿಸಿದೆ. ‘ನೀವೇ ಮಾಡಿದ ಕೆಲಸ ನಿಮಗೆ ನೆನಪಿಲ್ಲದಿರುವುದು ಉಂಟೇ?’ ಎಂದು ವರ್ಷಗಳ ಕಾಲ ಒಬ್ಬರೂ ಕೇಳಲಿಲ್ಲ. ಕೊನೆಗೊಬ್ಬ ಆಪ್ತಸಮಾಲೋಚಕಿ ಕೇಳಿದರು. ಕೇಳಿ, ಉತ್ತರಕ್ಕಾಗಿ ಕಾದರು. ನಾನು ‘ಇಲ್ಲ’ ಎಂದೆ. ಅವರು ಒತ್ತಾಯಿಸಲಿಲ್ಲ. ‘ಸರಿ, ಮುಂದೆ ಎಂದಾದರೂ ಹೇಳಬೇಕೆನಿಸಿದರೆ ಇಲ್ಲಿ ಹೇಳಬಹುದು’ ಎಂದರು. ನಾನು ಹೇಳಿದ್ದು ಬಹಳ ತಿಂಗಳುಗಳ ನಂತರ.

ಪ್ರಶ್ನಾರ್ಥಕರೇ, ಆ ಪ್ರಶ್ನೆ ನನ್ನೊಳಗೆ ಏನನ್ನೂ ಹುಟ್ಟುಹಾಕಲಿಲ್ಲ. ಇದ್ದದ್ದನ್ನು ಹೇಳಲು ಜಾಗ ಕೊಟ್ಟಿತು.

ಗುರುತಿಸದವರಿಂದ ಆಗುವ ನೋವು ಒಂದಾದರೆ, ಗುರುತಿಸಿದ ಮೇಲೆ ಆಗುವ ನೋವು ಇನ್ನೊಂದು. ಗೊತ್ತಾದ ಕೂಡಲೇ ಕೆಲವರ ಕಣ್ಣು ಅರಳುತ್ತದೆ. ‘ಎಷ್ಟು ಜನ ಇದ್ದೀರಿ? ಬೇರೆಯವರನ್ನು ಕರೆಯಿರಿ, ನೋಡೋಣ’ ಎಂದವರಿದ್ದಾರೆ. ವಿದ್ಯಾರ್ಥಿಗಳನ್ನು ಕರೆದು ನನ್ನ ಮುಂದೆ ಕೂರಿಸಿದವರಿದ್ದಾರೆ. ನನ್ನ ಒಪ್ಪಿಗೆ ಕೇಳಲಿಲ್ಲ. ಇನ್ನು ಕೆಲವರು ಒಳಗಿನ ಮಗುವಿನಂಥ ಭಾಗವನ್ನು ಮುದ್ದಿಸಿ, ಸಿಟ್ಟಿನ ಭಾಗವನ್ನು ‘ಅದನ್ನು ಹೇಗೆ ಹೊರಹಾಕೋಣ’ ಎಂದು ಕೇಳುತ್ತಾರೆ. ಆ ಸಿಟ್ಟೇ ನನ್ನನ್ನು ಇಷ್ಟು ದಿನ ಕಾಪಾಡಿದ್ದು. ಎಲ್ಲ ಭಾಗಗಳಿಗೂ ಒಂದೇ ಗೌರವ ಕೊಡಿ, ಯಾವ ಭಾಗ ಮಾಡಿದ ಕೆಲಸಕ್ಕೂ ಒಟ್ಟು ವ್ಯಕ್ತಿಯೇ ಹೊಣೆ ಎಂಬುದನ್ನೂ ಬಿಡಬೇಡಿ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ ಎಂದು ನನಗೆ ಗೊತ್ತು. ಅದನ್ನೇ ಕಲಿಸಿ.

ಪ್ರಶ್ನಾರ್ಥಕ

ಒಳದನಿಯವರೇ, ಧನ್ಯವಾದ. ತೆರೆದ ಪ್ರಶ್ನೆಗೂ ದಿಕ್ಕು ತೋರಿಸುವ ಪ್ರಶ್ನೆಗೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯದಲ್ಲೂ ಸಿಗದು. ‘ಚಿಕ್ಕಂದಿನಲ್ಲಿ ನಿಮ್ಮ ಮೇಲೆ ದೌರ್ಜನ್ಯ ನಡೆದಿರಬೇಕು, ನೆನಪಿಸಿಕೊಳ್ಳಿ’ ಎಂಬುದನ್ನು ಇದರ ಪಕ್ಕದಲ್ಲಿಟ್ಟು ತೋರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ.

ತರಗತಿ

ಶಾಲೆಯ ಆಪ್ತಸಮಾಲೋಚಕಿ. ಮಕ್ಕಳನ್ನು ಬಿಡಬೇಡಿ. ಕಣ್ಣಾರೆ ಕಂಡ ತಪ್ಪನ್ನು ಮಗು ‘ನಾನು ಮಾಡಿಲ್ಲ’ ಎನ್ನುತ್ತದೆ, ಸುಳ್ಳುಗಾರ ಎಂಬ ಪಟ್ಟ ಸಿಗುತ್ತದೆ. ನಿನ್ನೆ ಸಲೀಸಾಗಿ ಬಿಡಿಸಿದ ಲೆಕ್ಕ ಇವತ್ತು ಅಪರಿಚಿತ. ಪಾಠದ ನಡುವೆ ಶೂನ್ಯದೃಷ್ಟಿ, ಗಮನದ ಕೊರತೆ ಎಂಬ ಚೀಟಿ. ಕಲ್ಪನೆಯ ಗೆಳೆಯರಿರುವುದು ಸಹಜ, ಅದನ್ನು ರೋಗವೆನ್ನಬಾರದು. ಆ ‘ಗೆಳೆಯ’ ತನ್ನನ್ನು ಹೆದರಿಸುತ್ತಾನೆ, ಬೇಡದ್ದನ್ನು ಮಾಡಿಸುತ್ತಾನೆ ಎಂದು ಮಗು ಹೇಳಿದರೆ ಕಿವಿಗೊಡಬೇಕು. ಶಿಕ್ಷಕರು ತನಿಖೆಗೆ ಇಳಿಯಬಾರದು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟು ಮಕ್ಕಳ ರಕ್ಷಣೆಯ ವ್ಯವಸ್ಥೆಗೆ ತಲುಪಿಸಬೇಕು.

ಸಮಾಜಸೇವಕಿ

ಮೈಮೇಲೆ ಬರುವ ಅನುಭವಗಳ ಬಗ್ಗೆಯೂ ಒಂದು ಗಂಟೆ ಇರಲಿ. 2013ರ ಡಿಎಸ್ಎಂ-5 ಡಿಐಡಿಯ ವಿವರಣೆಯಲ್ಲೇ ಇದನ್ನು ಸೇರಿಸಿದೆ, 2022ರಲ್ಲಿ ಜಾರಿಗೆ ಬಂದ ಐಸಿಡಿ-11 ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ನಡೆದು, ಸಂಕಟ ತಂದು, ಅವರ ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಲ್ಲದಿದ್ದಾಗ ಮಾತ್ರ ಅದು ಕಾಯಿಲೆ. ನಂಬಿಕೆಯನ್ನು ಅವಮಾನಿಸಿದರೆ ಆ ಕುಟುಂಬ ಮತ್ತೆ ನಮ್ಮ ಬಳಿ ಬರುವುದಿಲ್ಲ.

ಸಹಪಯಣಿ

ನನ್ನ ಹೆಂಡತಿಗೆ ಈ ಸಮಸ್ಯೆ ಇದೆ. ಮನೆಯವರಿಗೆ ಯಾರೂ ಏನೂ ಹೇಳುವುದಿಲ್ಲ. ಬಾಗಿಲ ಹೊರಗೆ ಕೂರಿಸುತ್ತಾರೆ, ಔಷಧಿ ಚೀಟಿ ಕೈಗಿಡುತ್ತಾರೆ. ಅವಳು ಕೊಟ್ಟ ಮಾತು ಅವಳಿಗೇ ನೆನಪಿಲ್ಲದಾಗ ಜಗಳ ಬೇಡ, ಬರೆದಿಡುವ ಪುಸ್ತಕವೊಂದು ಮನೆಯಲ್ಲಿರಲಿ, ನಡುರಾತ್ರಿ ಅವಳು ನನ್ನನ್ನು ಗುರುತಿಸದಿದ್ದರೆ ದೀಪ ಹಾಕಿ ದೂರ ನಿಂತು ಹೆಸರು ಹೇಳಬೇಕು, ಇವೆಲ್ಲ ನಾನೇ ಹುಡುಕಿಕೊಂಡದ್ದು. ಅವಳ ಒಪ್ಪಿಗೆ ಇದ್ದರೆ ಮನೆಯವರನ್ನು ಒಮ್ಮೆಯಾದರೂ ಒಳಗೆ ಕರೆದು ಮಾತನಾಡುವುದನ್ನು ವೃತ್ತಿಪರರಿಗೆ ಕಲಿಸಿ. ನನ್ನನ್ನು ಅವಳ ಚಿಕಿತ್ಸಕನನ್ನಾಗಿ ಮಾಡುವುದು ಬೇಡ. ಗಂಡನಾಗಿ ಉಳಿಯಲು ಬೇಕಾದಷ್ಟು ತಿಳಿಸಿದರೆ ಸಾಕು.

ಪ್ರಶ್ನಾರ್ಥಕ

ಗುರುತಿಸಿದ ಮೇಲೆ ಆಗುವ ಅತಿ ದೊಡ್ಡ ಅನಾಹುತ ಆತುರ ಎಂದು ನನ್ನ ಅನಿಸಿಕೆ. ರೋಗನಿರ್ಣಯವಾದ ಮರುವಾರವೇ, ಇದರ ಹಿಂದೆ ಹೆಚ್ಚಾಗಿ ಇರುವ ಬಾಲ್ಯದ ಆಘಾತದ ನೆನಪುಗಳನ್ನು ಬಗೆಯಲು ಕೂರುತ್ತಾರೆ. ರೋಗಿ ತನ್ನನ್ನು ಗಾಯಗೊಳಿಸಿಕೊಳ್ಳುತ್ತಾರೆ, ಆಸ್ಪತ್ರೆ ಸೇರುತ್ತಾರೆ. ಡಿಐಡಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ 70 ಶೇಕಡಾಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಆತ್ಮಹತ್ಯೆಗೆ ಯತ್ನಿಸಿದ್ದಾರೆ ಎಂದು ಡಿಎಸ್ಎಂ-5 ದಾಖಲಿಸಿದೆ. ಈ ಅಂಕಿ ಮೊದಲ ಗಂಟೆಯಲ್ಲೇ ಎಲ್ಲರ ಮುಂದೆ ಇರಬೇಕು.

2011ರ ಮಾರ್ಗಸೂಚಿ ಮೂರು ಹಂತಗಳನ್ನು ಹೇಳುತ್ತದೆ. ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ಆಘಾತದ ನೆನಪುಗಳು, ಕೊನೆಗೆ ಒಳಗಿನ ಭಾಗಗಳ ಒಗ್ಗೂಡಿಕೆ ಮತ್ತು ದೈನಂದಿನ ಬದುಕು. ಮೊದಲ ಹಂತವೇ ವರ್ಷಗಟ್ಟಲೆ ಹಿಡಿಯಬಹುದು, ಕೆಲವರಿಗೆ ಅದೇ ಪೂರ್ತಿ ಚಿಕಿತ್ಸೆ. ಡಿಸೋಸಿಯೇಶನ್ನಿಗೆಂದೇ ಅನುಮೋದನೆ ಪಡೆದ ಔಷಧಿ ಇಲ್ಲ. ಜೊತೆಗಿರುವ ಖಿನ್ನತೆಗೆ, ನಿದ್ರೆಗೆ ಕೊಡುತ್ತೇವೆ ಅಷ್ಟೇ. ಬೆಥನಿ ಬ್ರ್ಯಾಂಡ್ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಹಿಡಿಸಿದ್ದು ಈ ಕಾರಣಕ್ಕೆ: ರೋಗಿಯೂ ಚಿಕಿತ್ಸಕರೂ ಇಬ್ಬರೂ ಅಂತರಜಾಲದಲ್ಲಿ ಒಂದೇ ಕಿರು ಪಾಠಗಳನ್ನು ನೋಡುತ್ತ ಸ್ಥಿರತೆಯ ಕೌಶಲಗಳನ್ನು ಅಭ್ಯಾಸ ಮಾಡಿದರು. ಎರಡು ವರ್ಷಗಳಲ್ಲಿ ತಮ್ಮನ್ನು ಗಾಯಗೊಳಿಸಿಕೊಳ್ಳುವುದು ತಗ್ಗಿತು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ ಎಂಬ ಮಿತಿ ಅದಕ್ಕಿದೆ, ಆದರೂ ದಾರಿ ಸರಿಯಾದದ್ದು.

ಕೊನೆಯದಾಗಿ, ಮೇಲ್ವಿಚಾರಣೆ. ಎರಡು ದಿನ ಕಲಿಸಿ ಕೈಬಿಟ್ಟರೆ ನನ್ನ ಮೊದಲಿನ ಭಯವೇ ನಿಜವಾಗುತ್ತದೆ. ಈ ಕೆಲಸದಲ್ಲಿ ಚಿಕಿತ್ಸಕರು ರಕ್ಷಕರಾಗಲು ಹೊರಟು ರಾತ್ರಿಯೆಲ್ಲ ಫೋನಿನಲ್ಲಿ ಇರುತ್ತಾರೆ, ದಣಿಯುತ್ತಾರೆ, ಆಮೇಲೆ ರೋಗಿಯನ್ನು ಥಟ್ಟನೆ ಬಿಡುತ್ತಾರೆ. ಮೊದಲೇ ಒಮ್ಮೆ ಕೈಬಿಡಲ್ಪಟ್ಟವರಿಗೆ ಅದು ತಾಳಲಾರದ್ದು. ತಿಂಗಳಿಗೊಮ್ಮೆಯಾದರೂ ಕೂತು ಪ್ರಕರಣಗಳನ್ನು ಚರ್ಚಿಸುವ ಗುಂಪು ಬೇಕು. ನೀವು ನಡೆಸುವುದಾದರೆ ನಾನೂ ಬರುತ್ತೇನೆ.

ಹೊಸಹಾದಿ

ಬನ್ನಿ ಸರ್, ಹೆಸರು ಬರೆದುಕೊಂಡೆ.

ಕರಡು ಪೂರ್ತಿ ಬದಲಾಗಿದೆ. ಇತಿಹಾಸ ಅರ್ಧ ಗಂಟೆ. ಮೊದಲ ದಿನದ ಬಹುಪಾಲು ಕೇಳುವುದರ ಅಭ್ಯಾಸ: ಒಂದೇ ಪ್ರಶ್ನೆಯನ್ನು ತೆರೆದ ರೀತಿಯಲ್ಲಿ ಕೇಳುವುದು, ‘ಇಲ್ಲ’ ಎಂಬ ಉತ್ತರವನ್ನು ಒಪ್ಪಿಕೊಂಡು ಬಾಗಿಲು ತೆರೆದಿಡುವುದು, ‘ಹೌದು’ ಎಂದರೆ ಮುಖದಲ್ಲಿ ಬೆರಗಾಗಲಿ ಭಯವಾಗಲಿ ತೋರದಿರುವುದು. ದೈಹಿಕ ಕಾರಣಗಳ ಭಾಗವನ್ನು ನರತಂತು ಅವರ ಟಿಪ್ಪಣಿಯ ಆಧಾರದಲ್ಲಿ ಬರೆಯುತ್ತೇನೆ. ಎರಡನೆಯ ದಿನ ಬೆಳಿಗ್ಗೆ ರಾತ್ರಿಪಾಳಿಯವರು ಹೇಳಿದ ಕ್ರಮ ಮತ್ತು ದಾಖಲೆ ಬರೆಯುವುದು, ಮಧ್ಯಾಹ್ನ ಮಕ್ಕಳು, ಕುಟುಂಬ, ಚಿಕಿತ್ಸೆಯ ಹಂತಗಳು. ಆಮೇಲೆ ಆರು ತಿಂಗಳು ಮಾಸಿಕ ಚರ್ಚೆ.

ಒಂದು ಪ್ರಶ್ನೆ ಉಳಿದಿದೆ. ಈ ಸಮಸ್ಯೆಯೊಂದಿಗೆ ಬದುಕುತ್ತಿರುವವರು ತರಬೇತಿಯಲ್ಲಿ ಮಾತನಾಡಬೇಕೆಂಬ ಆಸೆ. ಒಳದನಿಯವರೇ, ವಿದ್ಯಾರ್ಥಿಗಳ ಮುಂದೆ ಕೂರಿಸಿದ ಅನುಭವ ಹೇಳಿದಿರಿ. ಅದು ಮರುಕಳಿಸದಂತೆ ಇದನ್ನು ಹೇಗೆ ಮಾಡುವುದು?

ಒಳದನಿ

ಕರೆಯಿರಿ, ಆದರೆ ಬೋಧಕರಾಗಿ ಕರೆಯಿರಿ. ಬೇರೆ ಬೋಧಕರಿಗೆ ಕೊಡುವ ಸಂಭಾವನೆಯನ್ನೇ ಕೊಡಿ. ನಮಗೆ ಏನಾಗಿತ್ತು ಎಂಬ ಕಥೆ ಕೇಳಬೇಡಿ, ವೃತ್ತಿಪರರು ನಮ್ಮೊಂದಿಗೆ ಹೇಗೆ ನಡೆದುಕೊಂಡರು ಎಂಬುದನ್ನು ಕೇಳಿ. ಪ್ರಶ್ನೆಗಳು ಮೊದಲೇ ಬರಹದಲ್ಲಿ ಸಿಗಲಿ, ಬೇಡವೆನಿಸಿದ್ದನ್ನು ಬಿಡುವ ಹಕ್ಕು ನಮ್ಮದಾಗಿರಲಿ. ಚಿತ್ರೀಕರಣ ಬೇಡ. ನಡುವೆ ಎದ್ದು ಹೋಗಲು ಪಕ್ಕದಲ್ಲೊಂದು ಕೋಣೆ ಇರಲಿ. ಅದು ಕಲಿಯಲು ಬಂದವರಿಗೂ ಬೇಕಾಗುತ್ತದೆ. ಅಷ್ಟು ಜನರಲ್ಲಿ ಒಬ್ಬಿಬ್ಬರಿಗಾದರೂ ಲಕ್ಷಣಗಳ ಪಟ್ಟಿ ಕೇಳುತ್ತಿರುವಾಗ ತಮ್ಮ ಬಗ್ಗೆಯೇ ಹೇಳುತ್ತಿದ್ದಾರೆ ಎನಿಸಬಹುದು. ಅವರು ಯಾರ ಬಳಿ ಹೋಗಿ ಮಾತನಾಡಬಹುದು ಎಂಬುದನ್ನು ಮೊದಲ ದಿನ ಬೆಳಿಗ್ಗೆಯೇ ತಿಳಿಸಿಬಿಡಿ.

ಈ ಷರತ್ತುಗಳಿಗೆ ಒಪ್ಪಿಗೆ ಇದ್ದರೆ ಎರಡನೆಯ ದಿನ ಬೆಳಿಗ್ಗೆ ನಾನು ಬರುತ್ತೇನೆ. ದಾಖಲೆ ಬರೆಯುವ ಅಭ್ಯಾಸಕ್ಕೆ ನನ್ನ ಹಳೆಯ ಕಡತದ ಸಾಲುಗಳನ್ನೇ ಕೊಡುತ್ತೇನೆ, ಹೆಸರು ತೆಗೆದು. ನಿಮ್ಮವರು ಅವನ್ನು ತಿದ್ದಿ ಬರೆಯಲಿ.